ಚನ್ನಿಗ ಹರಾಜು ಮನೆಗೆ ಸೇರಿದ್ದು

ಒಂದೂರು. ಹೆಸರು ಬೇಡ, ಅಲ್ಲಿಯವರು ಬೇಸರ ಮಾಡ್ಕೋತಾರೆ. ಆ ಊರಲ್ಲಿ ಹೊನ್ನಾಜಮ್ಮ ಅಂತ ಒಬ್ಬಳು. ಅವಳಿಗೆ ಚನ್ನಿಗ ಅಂತ ಒಬ್ಬನೇ ಮಗ. ಆಳೆತ್ತರ ಬೆಳೆದಿದ್ದ. ಬುದ್ಧಿ ಬೆಳೆದಿರಲಿಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದಷ್ಟನ್ನೇ ಮಾಡುತ್ತಿದ್ದ.

ಹೊನ್ನಾಜಮ್ಮನಿಗೆ ಒಂದೇ ಯೋಚನೆ. ನಾನು ಹೋದ ಮೇಲೆ ಇವನಿಗೆ ಅನ್ನ ಹಾಕೋರು ಯಾರು?

ಪೇಟೆ ಬೀದಿಯಲ್ಲಿ ರಂಗಶೆಟ್ಟರ ಹರಾಜು ಮನೆ. ಹಳೇ ಚಿತ್ರ, ಹಳೇ ಪುಸ್ತಕ, ಹಬ್ಬಕ್ಕೊಂದು ಹರಾಜು. ಹೊನ್ನಾಜಮ್ಮ ಹೋಗಿ ಶೆಟ್ಟರ ಮುಂದೆ ಕೈಕಟ್ಟಿ ನಿಂತಳು.

"ಒಂದು ವರ್ಷ ನೋಡ್ತೀನಿ ಕಣಮ್ಮ. ನೆಟ್ಟಗಿದ್ರೆ ಎರಡು ಹೊತ್ತು ಊಟ ಹಾಕಿ ಕಾಯಂ ಇಟ್ಕೋತೀನಿ" ಅಂದರು ಶೆಟ್ಟರು.

ಯುಗಾದಿ ಹರಾಜು ಬಂತು. ಅವ್ವ ಹೇಳಿ ಕಳಿಸಿದಳು. "ದೊಡ್ಡೋರು ಬಂದ್ರೆ ಕೈ ಎತ್ತಿ ಮುಗಿ."

ಅವತ್ತು ಬಂಗಾರದ ರೇಕು ಕೂರಿಸಿದ ಕೃಷ್ಣನ ಚಿತ್ರ ಸವಾಲಿಗೆ ಬಂತು. ಹರಾಜಿನಲ್ಲಿ ಕೈ ಎತ್ತಿದರೆ ಬೆಲೆ ಏರಿಸಿದ ಹಾಗೆ. ಒಬ್ಬರು ದೊಡ್ಡೋರು ಒಳಗೆ ಬಂದರು. ಚನ್ನಿಗ ಕೈ ಎತ್ತಿದ. ಬೆಲೆ ಏರಿತು. ಇನ್ನೊಬ್ಬರು ಬಂದರು. ಕೈ ಎತ್ತಿದ. ಬೆಲೆ ಏರಿತು. ಯಾವುದೋ ಮದುವೆ ಊಟ ಮುಗಿಸಿ ಒಂದು ದಂಡೇ ಬಂತು. ಚಿತ್ರ ಚನ್ನಿಗನದಾಯಿತು.

"ದುಡ್ಡು ಎಲ್ಲೋ?"

"ನಮಸ್ಕಾರಕ್ಕೂ ದುಡ್ಡಾ ಸ್ವಾಮಿ?"

ಶೆಟ್ಟರು ಬೈದರು. ಮನೆಗೆ ಬಂದರೆ ಅವ್ವ ಬೈದಳು. "ಮುಂಡೇದೇ, ಅಲ್ಲಿ ಕೈ ಎತ್ತಬಾರದು. ಏನಾದ್ರೂ ಆಗ್ಲಿ, ಕೈ ಕೆಳಗೇ ಇರ್ಲಿ."

"ಆಗ್ಲಿ ಅವ್ವ."

ಗೌರಿ ಹಬ್ಬದ ಹರಾಜು ಬಂತು. ಅಟ್ಟದಿಂದ ಹಳೇ ಪುಸ್ತಕ ಇಳಿಸುತ್ತಿದ್ದರು. ಶೆಟ್ಟರು ಏಣಿ ಮೇಲೆ, ಚನ್ನಿಗ ಕೆಳಗೆ. ಪುಸ್ತಕದ ಕಟ್ಟು ಜಾರಿತು. "ಹಿಡಿಯೋ" ಅಂದರು. ಚನ್ನಿಗ ನೋಡಿದ. ಕಟ್ಟು ಬಿತ್ತು. ಏಣಿ ಜಾರಿತು. "ಹಿಡಿಯೋ" ಅಂದರು. ಚನ್ನಿಗ ನೋಡಿದ. ಶೆಟ್ಟರೂ ಬಿದ್ದರು.

"ನಿನ್ನ ಕೈಗೇನು ಬಂದಿತ್ತೋ?"

"ಏನೂ ಬಂದಿಲ್ಲ ಸ್ವಾಮಿ. ಕೆಳಗೇ ಇದೆ."

ಶೆಟ್ಟರು ಮಲಗಿದಲ್ಲಿಂದಲೇ ಬೈದರು. ಅವ್ವ ತಲೆ ಚಚ್ಚಿಕೊಂಡಳು. "ಬೀಳೋದು ಕಂಡ್ರೆ ಹಿಡಿಯೋ. ಹಿಡಿದ್ರೆ ಬಿಡಬೇಡ."

"ಆಗ್ಲಿ ಅವ್ವ."

ದಸರಾ ಹರಾಜು ಬಂತು. ಶೆಟ್ಟರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಕೂಗುತ್ತಿದ್ದರು. ಒಂದು ಸಾರಿ. ಎರಡು ಸಾರಿ. ಮೂರನೇ ಸಾರಿಗೆ ಸುತ್ತಿಗೆ ಬಿದ್ದರೆ ವ್ಯಾಪಾರ ಮುಗಿಯಿತು. ಸುತ್ತಿಗೆ ಬೀಳುವುದನ್ನು ಚನ್ನಿಗ ಕಂಡ. ಹಾರಿ ಹಿಡಿದ.

"ಬಿಡೋ."

"ಬಿದ್ದೋಗುತ್ತೆ ಸ್ವಾಮಿ."

"ಬೀಳ್ಲಿ ಬಿಡೋ."

"ಹೋದ ಸಾರಿ ಬಿದ್ದಿದ್ದಕ್ಕೇ ಬೈದ್ರಿ."

ಎಳೆದಾಟ ಮುಗಿಯುವ ಹೊತ್ತಿಗೆ ಕೊಳ್ಳುವವನು ಎದ್ದು ಹೋಗಿದ್ದ. ಇನ್ನೊಂದು ತಪ್ಪು ಮಾಡಿದರೆ ಮನೆಗೆ ನಡಿ ಅಂದರು ಶೆಟ್ಟರು.

ಅವ್ವ ಈ ಸಾರಿ ಮಗನನ್ನು ಪಕ್ಕ ಕೂರಿಸಿಕೊಂಡಳು. ಮೆಲ್ಲಗೆ ಹೇಳಿದಳು. "ಮೂರು ಸಾರಿ ಕೂಗಿದ್ರೆ ಮುಗೀತು ಮಗ. ಅದು ಕೈ ಎತ್ತಿದೋರದ್ದು. ತೆಪ್ಪಗೆ ಅವರ ಮನೆಗೆ ಹೋಗ್ಬೇಕು."

"ಆಗ್ಲಿ ಅವ್ವ."

ಶಿವರಾತ್ರಿ ಹರಾಜು ಬಂತು. ವರ್ಷದ ಕಡೇ ಹರಾಜು. ಮುಂದಿನ ಸಾಲಿನಲ್ಲಿ ವಕೀಲ ನರಹರಿರಾಯರು ಕೂತಿದ್ದರು. ತುಂಬಾ ಮುದುಕರು. ಹೆಂಡತಿ ತೀರಿಕೊಂಡ ಮೇಲೆ ಹರಾಜಿಗೆ ಬರುವುದೇ ಅವರ ಕೆಲಸ. ಕೂಗಿ ಕೂಗಿ ಶೆಟ್ಟರಿಗೆ ಬಾಯಾರಿತು. ನೀರು ತರಿಸಲು ಕರೆದರು.

"ಚನ್ನಿಗ. ಲೋ ಚನ್ನಿಗ. ಏ ಚನ್ನಿಗ."

ಮೂರು ಸಾರಿ ಆಯಿತು. ಯಾರ ಕೈ ಮೇಲಿದೆ ಅಂತ ಚನ್ನಿಗ ನೋಡಿದ. ರಾಯರು ಕತ್ತು ತುರಿಸಿಕೊಳ್ಳುತ್ತಿದ್ದರು. ಹೋಗಿ ರಾಯರ ಕಾರಲ್ಲಿ, ಅವರು ಕೊಂಡ ಪುಸ್ತಕಗಳ ಪಕ್ಕ ಕೂತ.

"ಎಲ್ಲಿಗಪ್ಪಾ?" ಅಂದರು ಹರಾಜು ಮುಗಿಸಿ ಬಂದ ರಾಯರು.

"ನಿಮ್ಮನೆಗೆ ಸ್ವಾಮಿ. ನನ್ನ ಕೂಗಿ ಆಯ್ತಲ್ಲ."

ಇಳಿ ಅಂದರೆ ಇಳಿಯಲಿಲ್ಲ. ಶೆಟ್ಟರು ಬಾಗಿಲಲ್ಲೇ ನಿಂತು ಅಂದರು. "ಮಾರಿದ ಮಾಲು ವಾಪಸ್ ತಗೊಳ್ಳಲ್ಲ ರಾಯರೇ."

ಸುದ್ದಿ ತಿಳಿದು ಹೊನ್ನಾಜಮ್ಮ ರಾಯರ ಮನೆಗೆ ಓಡಿದಳು. ಮಗ ಅಡುಗೆಮನೆಯಲ್ಲಿ ಉಣ್ಣುತ್ತಿದ್ದ. ಅವಳು ರಾಯರ ಕಾಲಿಗೆ ಬಿದ್ದಳು.

"ಏಳಮ್ಮ. ಈ ಮನೆಗೆ ಏನೇನೋ ಕೊಂಡು ತಂದೆ. ಮಾತಾಡೋದು ಇದೊಂದೇ. ನಾಳೆವರೆಗೆ ಇರಲಿ, ನೋಡೋಣ."

ಹೊನ್ನಾಜಮ್ಮನಿಗೆ ಜೀವ ಬಂತು. ಮಗನನ್ನು ಪಕ್ಕಕ್ಕೆ ಕರೆದಳು. "ಈ ಮನೇಲಿ ಹಳೇದಕ್ಕೇ ಬೆಲೆ ಕಣೋ. ಎಷ್ಟು ಹಳೇದೋ ಅಷ್ಟು ಜೋಪಾನ. ನೀರು ಸೋಕಿಸಬೇಡ. ಬಿಸಿಲಿಗೆ ಬಿಡಬೇಡ. ಹುಳ ಹತ್ತದ ಹಾಗೆ ಕೆಂಪು ಬಟ್ಟೆ ಸುತ್ತಿ, ಬೇವಿನ ಸೊಪ್ಪು ಇಡು. ಕೆಟ್ಟರೆ ಇಬ್ಬರೂ ಕೆಟ್ಟೆವು."

"ಆಗ್ಲಿ ಅವ್ವ."

ಮಾರನೇ ದಿನ ಬಂದು ನೋಡುತ್ತಾಳೆ, ಕಿಟಕಿ ಎಲ್ಲ ಮುಚ್ಚಿವೆ. ಪುಸ್ತಕಗಳು ಬಿದ್ದಲ್ಲೇ ಬಿದ್ದಿವೆ. ಮಂಚದ ಮೇಲೆ ರಾಯರು. ಕಾಲಿಂದ ಕತ್ತಿನವರೆಗೆ ಕೆಂಪು ಬಟ್ಟೆ. ಕಿವಿ ಪಕ್ಕ ಬೇವಿನ ಸೊಪ್ಪು.

"ಏನೋ ಇದು?"

"ಮನೆಯೆಲ್ಲ ಹುಡುಕಿದೆ ಅವ್ವ. ಇವರಷ್ಟು ಹಳೇದು ಯಾವುದೂ ಇಲ್ಲ."

ಅನ್ನ ಹೋಯಿತು ಅಂದುಕೊಂಡಳು ಹೊನ್ನಾಜಮ್ಮ. ರಾಯರು ಕಣ್ಣು ಮಾತ್ರ ಹೊರಳಿಸಿದರು.

"ನಿನ್ನ ಮಗ ರಾತ್ರಿಯೆಲ್ಲ ಪಕ್ಕದಲ್ಲೇ ಕೂತಿದ್ದನಮ್ಮ. ಹುಳ ಹತ್ತುತ್ತೇನೋ ಅಂತ ನೋಡ್ತಾ." ಚನ್ನಿಗನ ಕಡೆ ನೋಡಿದರು. "ಇವನು ಇಲ್ಲೇ ಇರಲಿ. ಮೊದಲು ಒಂದು ಲೋಟ ನೀರು ಕೊಡು."

ಹೊನ್ನಾಜಮ್ಮ ಓಡಿಹೋಗಿ ನೀರು ತಂದಳು. ಚನ್ನಿಗ ಲೋಟಕ್ಕೆ ಕೈ ಅಡ್ಡ ಹಿಡಿದ.

"ಬೇಡ ಅವ್ವ. ಬಣ್ಣ ಹೋಗುತ್ತೆ."