ಕೇತವ್ವ ಕಾದ ಬಿದಿರು

ಒಂದಾನೊಂದು ಕಾಲದಲ್ಲಿ, ಅಂದರೆ ನಾನೂ ಹುಟ್ಟಿರಲಿಲ್ಲ, ನನ್ನ ಅಜ್ಜಿಯ ಅಜ್ಜಿಯೂ ಹುಟ್ಟಿರಲಿಲ್ಲ ಅಂತ ಇಟ್ಕೋ, ಒಂದು ಗುಡ್ಡದ ಬುಡದಲ್ಲಿ ಕೇತವ್ವ ಅಂತ ಒಬ್ಬ ಮೇದರ ಹೆಂಗಸು ಇದ್ದಳಂತೆ. ಮೇದರು ಅಂದರೆ ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯೋರು. ಅವಳ ಗಂಡ ಹುಚ್ಚಪ್ಪ, ಹೆಸರು ಮಾತ್ರ ಹಾಗೆ, ಆಳು ಜಾಣ. ಮೂರು ಹೆಣ್ಣುಮಕ್ಕಳು: ದೊಡ್ಡವಳು ದ್ಯಾಮವ್ವ, ನಡುವಿನವಳು ಸಣ್ಣೀರವ್ವ, ಚಿಕ್ಕವಳು ಹೊನ್ನಿ.

ಆ ಮನೆಯಲ್ಲಿ ಒಂದು ಕಟ್ಟುಪಾಡಿತ್ತಂತೆ. ಗುಡ್ಡದ ಮೆಳೆಯಲ್ಲಿ, ಮೆಳೆ ಅಂದರೆ ಬಿದಿರು ಒತ್ತಾಗಿ ಬೆಳೆದ ಗುಂಪು, ಮೂರು ವರ್ಷ ತುಂಬಿದ ಗಳ ಮಾತ್ರ ಕಡಿಯಬೇಕು. ಕಳಲೆ, ಅಂದರೆ ಆಗತಾನೆ ಮೂಡಿದ ಎಳೆ ಮೊಳಕೆ, ಅದನ್ನ ಸಾರು ಮಾಡೋಕೂ ಮುರಿಯಬಾರದು. ಊರ ಹೆಂಗಸರು ನಗೋರಂತೆ, ಏನ್ ಕೇತವ್ವಾ, ಬಿದಿರಿಗೂ ಬಾಣಂತನ ಮಾಡ್ತೀಯಾ ಅಂತ. ಮಾಡ್ತೀನಿ ಕಣಮ್ಮಾ, ನಾಳೆ ನಿನ್ನ ಮಗಳ ಮನೆಗೂ ಮೊರ ಬೇಕಲ್ಲ ಅನ್ನೋಳಂತೆ ಇವಳು.

ಆಮೇಲೆ ಒಂದು ವರ್ಷ ಬಿದಿರು ಹೂ ಬಿಟ್ಟಿತಂತೆ. ಹೂ ಬಿಟ್ಟರೆ ಒಳ್ಳೇದಲ್ವಾ ಅಂತೀಯಾ, ಬಿದಿರಿಗೆ ಹಾಗಲ್ಲ ಮಗಾ. ಅದು ನಲವತ್ತು ಐವತ್ತು ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತೆ, ಅಕ್ಕಿಯಂಥ ಬೀಜ ಉದುರಿಸುತ್ತೆ, ಆಮೇಲೆ ಸತ್ತು ಹೋಗುತ್ತೆ. ಒಂದು ಮೆಳೆ ಅಲ್ಲ, ಗುಡ್ಡಕ್ಕೆ ಗುಡ್ಡವೇ. ಮತ್ತೆ ಹುಟ್ಟದಿದ್ದರೆ ಗುಡ್ಡದ ಮಣ್ಣೆಲ್ಲ ಮಳೆಗೆ ಕೊಚ್ಚಿ ಹೋಗುತ್ತೆ, ತನ್ನ ಮಕ್ಕಳ ಕೈಯಿಂದ ಕಸುಬೂ ಹೋಗುತ್ತೆ ಅಂತ ಕೇತವ್ವನಿಗೆ ಅನ್ನ ಇಳಿಯಲಿಲ್ಲವಂತೆ.

ಊರಿಗೆ ಊರೇ ಗುಡ್ಡ ಹತ್ತಿತಂತೆ, ಬಿದಿರಕ್ಕಿ ಗುಡಿಸಿಕೊಳ್ಳೋಕೆ. ಎಲ್ಲರ ಕೈಯಲ್ಲೂ ಕೇತವ್ವನೇ ಹೆಣೆದ ಮೊರ. ಅರ್ಧ ಬಿಡ್ರವ್ವಾ, ಬೀಜಕ್ಕೆ ಬೇಕು ಅಂತ ಇವಳು ಕೈಮುಗಿದಳಂತೆ. ಗೌಡರ ಹೆಂಡತಿ, ನಿನಗೆ ಬಿದಿರಿನ ಚಿಂತೆ, ನಮಗೆ ಅನ್ನದ ಚಿಂತೆ, ನೀನೂ ಬಾ, ಗುಡಿಸಿಕೋ ಅಂದಳಂತೆ. ಕೊನೆಗೆ ಐದು ಜನ ಮನೆಯವರೂ ಕಲ್ಲಿನ ಸಂದಿಯಿಂದ ಒಂದೊಂದೇ ಕಾಳು ಆರಿಸಿ ಒಂದು ಬುಟ್ಟಿ ಮಾಡಿದರಂತೆ.

ದ್ಯಾಮವ್ವ, ತಡ ಬೇಡವ್ವಾ, ಮೊದಲ ಮಳೆಗೇ ಬಿತ್ತೋಣ ಅಂದಳಂತೆ. ಅರ್ಧ ಬುಟ್ಟಿ ಬಿತ್ತಿದರಂತೆ. ಆದರೆ ಬಿದಿರಕ್ಕಿ ತಿಂದು ಇಲಿಗಳು ಕೊಬ್ಬಿದ್ದವು, ಒಂದಕ್ಕೆ ಹತ್ತಾಗಿದ್ದವು, ಎಂಟೇ ದಿನದಲ್ಲಿ ನೆಲ ಕೆದರಿ ಒಂದು ಕಾಳೂ ಉಳಿಸಲಿಲ್ಲವಂತೆ.

ಆಮೇಲೆ ಸಣ್ಣೀರವ್ವ, ಉಳಿದದ್ದನ್ನ ಮುಂದಿನ ಮಳೆಗಾಲಕ್ಕೆ ಇಡೋಣ, ಅಷ್ಟರಲ್ಲಿ ಇಲಿ ಕಡಿಮೆಯಾಗ್ತವೆ ಅಂದಳಂತೆ. ಸರಿ, ಬುಟ್ಟಿಯನ್ನ ಒಲೆಯ ಮೇಲೆ ಹೊಗೆಗೆ ತೂಗುಹಾಕಿದರಂತೆ. ಯಾಕೆ ಹೊಗೆಗೆ ಅಂತ ಹೇಳ್ತೀನಿ ಕೇಳು. ಮೇದರು ಹೊಸ ಬುಟ್ಟಿಗೆ ಹೊಗೆ ಕೊಡ್ತಾರೆ, ಆಗ ಕುಟ್ಟೆಹುಳ ಕೊರೆಯೋದಿಲ್ಲ, ಬುಟ್ಟಿ ಬಹಳ ದಿನ ಬಾಳುತ್ತೆ. ಬೀಜವೂ ಹಾಗೇ ಬಾಳುತ್ತೆ ಅಂತ ಅವರ ಲೆಕ್ಕ. ಬಿದಿರು ಬಿತ್ತಿ ಗೊತ್ತಿದ್ದ ಹಿರಿಯರು ಯಾರೂ ಬದುಕಿರಲಿಲ್ಲವಲ್ಲ, ಹೇಳೋರು ಯಾರು. ಮುಂದಿನ ಮಳೆಗೆ ಬಿತ್ತಿದರಂತೆ. ಹತ್ತು ದಿನ ಆಯಿತು, ತಿಂಗಳಾಯಿತು, ಏನೂ ಮೂಡಲಿಲ್ಲ. ಕೇತವ್ವ ಒಂದು ಕಾಳು ಅಗೆದು ಉಗುರಲ್ಲಿ ಒಡೆದು ನೋಡಿದರೆ ಒಳಗೆಲ್ಲ ಕಪ್ಪು ಹುಡಿ, ಹೊಗೆಯ ಕಾವಿಗೆ ಬೀಜ ಸತ್ತೇ ಹೋಗಿತ್ತು. ಸಣ್ಣೀರವ್ವ ಎರಡು ದಿನ ಊಟ ಮಾಡಲಿಲ್ಲವಂತೆ.

ಆಮೇಲೆ ಒಂದು ದಿನ ಹೊನ್ನಿ ಓಡಿ ಬಂದಳಂತೆ. ಅವ್ವಾ, ಗುಡ್ಡದ ಆಚೆ ಮಗ್ಗುಲಲ್ಲಿ ಒಣಗಿ ಬಿದ್ದ ಮೆಳೆಯ ಕೆಳಗೆ ಹುಲ್ಲಿನ ಹಾಗೆ ಬಿದಿರು ಹುಟ್ಟಿದೆ ಅಂತ. ಬಿದಿರಿಗೆ ಮುಳ್ಳಿರುತ್ತಲ್ಲ, ಆ ಮುಳ್ಳಿನೊಳಗೆ ಗುಡಿಸೋಕೆ ಯಾರೂ ಕೈ ಹಾಕಿರಲಿಲ್ಲ, ಇಲಿ ತಿಂದು ಉಳಿದ ಕಾಳು ಅಲ್ಲೇ ಮೊಳೆತಿತ್ತು. ಪಾಪ, ಸಸಿಗೆ ಬಿಸಿಲಿಲ್ಲ, ಗಾಳಿಯಿಲ್ಲ ಅಂತ ಮನೆಮಂದಿಯೆಲ್ಲ ಸೇರಿ ಮೂರು ದಿನ ಕೈ ಹರಿದುಕೊಂಡು ಆ ಒಣ ಮುಳ್ಳನ್ನೆಲ್ಲ ಎಳೆದು ಬಯಲು ಮಾಡಿದರಂತೆ. ನಾಲ್ಕನೇ ದಿನ ಹೋಗಿ ನೋಡಿದರೆ ಊರ ಆಡುಗಳು ನೆಲ ಕಾಣೋ ಹಾಗೆ ಮೇಯ್ದು ಹೋಗಿದ್ದವಂತೆ. ಆ ಮುಳ್ಳೇ ಸಸಿಗೆ ಬೇಲಿಯಾಗಿತ್ತು ಮಗಾ, ಅದನ್ನ ಇವರೇ ಕಿತ್ತಿದ್ದರು.

ಕೇತವ್ವ ಅಲ್ಲೇ ಕುಕ್ಕರಿಸಿದಳಂತೆ. ಇಲಿ ತಿಂದಾಗ ಇಲಿಯನ್ನ ಬೈದೆ, ಇದನ್ನ ನಾನೇ ಆಡು ಕರೆದು ತಿನ್ನಿಸಿದೆನಲ್ಲ ಅಂದಳಂತೆ. ಹುಚ್ಚಪ್ಪ, ಸಾಕು ಬಾರೇ, ನಮ್ಮಣ್ಣನ ಊರಿಗೆ ಹೋಗಿ ಮಣ್ಣಾದರೂ ಹೊರೋಣ ಅಂದನಂತೆ. ಬಿದಿರು ಸೀಳೋ ಕತ್ತಿಗಳನ್ನೆಲ್ಲ ಗಂಟು ಕಟ್ಟಿದರಂತೆ. ಹೊನ್ನಿ ಮಾತ್ರ ಕಾಣಲಿಲ್ಲ. ಕೇತವ್ವ ಹುಡುಕಿಕೊಂಡು ಹೋದರೆ ಅವಳು ಒಬ್ಬಳೇ ಮುಳ್ಳನ್ನ ವಾಪಸು ಎಳೆದು ಹಾಕ್ತಿದ್ದಾಳೆ.

ಏನಿದೆಯೇ ಅಲ್ಲಿ ಕಾಯೋಕೆ ಅಂದಳಂತೆ ಅವ್ವ.

ಏನೂ ಇಲ್ಲ. ನಾವು ಕಿತ್ತದ್ದನ್ನ ನಾವೇ ಮುಚ್ಚಿ ಹೋಗೋಣ ಅಂದಳಂತೆ ಹೊನ್ನಿ.

ಕೇತವ್ವನಿಗೆ ಆಸೆಯೇನೂ ಇರಲಿಲ್ಲ, ಆದರೂ ಮಗಳ ಜೊತೆ ಎಳೆದಳಂತೆ. ಆಮೇಲೆ ಜಡಿಮಳೆ ಹಿಡಿಯಿತು, ಹೊಳೆ ತುಂಬಿತು, ಊರು ಬಿಡೋಕೆ ದಾರಿ ಇಲ್ಲದಾಯಿತು. ಹೊಳೆ ಇಳಿಯೋ ಹೊತ್ತಿಗೆ ಆ ಮುಳ್ಳಿನ ಸಂದಿಯಲ್ಲಿ ಹನ್ನೊಂದು ಸಸಿ ಮತ್ತೆ ಚಿಗುರಿದ್ದವಂತೆ. ಆಡು ತಿಂದದ್ದು ತಲೆ ಮಾತ್ರ, ಬೇರು ಒಳಗೇ ಇತ್ತು.

ಗಂಟು ಬಿಚ್ಚಿದರಂತೆ. ಆದರೆ ಹನ್ನೊಂದು ಸಸಿ ಅಂದರೆ ಗುಡ್ಡವಲ್ಲ. ಹನ್ನೆರಡು ವರ್ಷ ಈಚಲ ಗರಿಯ ಚಾಪೆ ಹೆಣೆದು ಹೊಟ್ಟೆ ಹೊರೆದರಂತೆ. ಏಳನೇ ವರ್ಷ ಹುಚ್ಚಪ್ಪ ಹೊಸ ಬಿದಿರಿನ ಒಂದು ಗಳವನ್ನೂ ಕಡಿಯದೆ ತೀರಿಕೊಂಡ. ದೊಡ್ಡವರಿಬ್ಬರೂ ಮದುವೆಯಾಗಿ ಬೇರೆ ಸೀಮೆಗೆ ಹೋದರು, ಹೆಣೆಯೋದನ್ನೇ ಮರೆತರಂತೆ. ಕೇತವ್ವನ ಕಣ್ಣು ಮಂಜಾದವು.

ಆಮೇಲೆ ಸಸಿಗಳು ಬಲಿತು ಮೆಳೆಯಾದವು, ಒಂದು ಬೆಳಿಗ್ಗೆ ಹೊನ್ನಿ ಅದರಲ್ಲಿ ಮೂರು ವರ್ಷ ತುಂಬಿದ ಮೊದಲ ಗಳ ಕಡಿದು, ಸೀಳಿ, ಮೊರ ಹೆಣೆದು ಅವ್ವನ ತೊಡೆಯ ಮೇಲೆ ಇಟ್ಟಳಂತೆ. ಕೇತವ್ವ ಬಹಳ ಹೊತ್ತು ಬೆರಳಾಡಿಸಿದಳಂತೆ. ಆಮೇಲೆ, ಇಲ್ಲೊಂದು ಸೀಳು ದಪ್ಪ ಬಂದಿದೆ, ಬಿಚ್ಚು, ಮತ್ತೆ ಹೆಣಿ ಅಂದಳಂತೆ.

ಹೊನ್ನಿ ನಗುತ್ತಾ ಬಿಚ್ಚಿದಳು, ಮತ್ತೆ ಹೆಣೆದಳು, ಅವ್ವ ಮಗಳು ಇಬ್ಬರೂ ಅದೇ ಮೊರದಲ್ಲಿ ರಾಗಿ ಕೇರಿ ಉಂಡರು. ಅಲ್ಲಿಗೆ ಆ ಮೊರವೂ ಮುಗೀತು, ನನ್ನ ಕತೆಯೂ ಮುಗೀತು, ಕಣ್ಣು ಮುಚ್ಚು.