ಹುಲ್ಲೆಣ್ಣೆಯ ಕೇತಮ್ಮ

ಕೇಳ್ರಪ್ಪ. ಬಹಳ ಹಿಂದೆ, ಈ ಬೆಟ್ಟಕ್ಕೆ ದಾರಿಯೇ ಇಲ್ಲದ ಕಾಲದಲ್ಲಿ, ಬೆಟ್ಟದ ಬುಡದ ಒಂದು ಊರಲ್ಲಿ ಕೇತಮ್ಮ ಅಂತ ಒಬ್ಬಳಿದ್ದಳಂತೆ. ನಿಂಬೆ ವಾಸನೆಯ ಮಜ್ಜಿಗೆ ಹುಲ್ಲು ಕುಯ್ದು ತಂದು, ತಾಮ್ರದ ಹಂಡೆಯಲ್ಲಿ ಬೇಯಿಸಿ, ಆವಿ ಇಳಿಸಿ ಎಣ್ಣೆ ತೆಗೆಯೋಳಂತೆ. ಅವಳು ಒಲೆ ಹಚ್ಚಿದರೆ ಮೂರು ಊರಿನ ಸೊಳ್ಳೆ ಬೆಟ್ಟ ಹತ್ತಿ ಓಡುತ್ತಿದ್ದವು ಅಂತಾರೆ. ಹೊರೆ ಹೊತ್ತು ಸೊಂಟ ಹಿಡಿದವರು, ಮಂಡಿ ನೋವಿನವರು ಕುಂಟುತ್ತ ಬಂದು ನೆಟ್ಟಗೆ ನಡೆದು ಹೋಗೋರಂತೆ.

ಆದರೆ ಬರೀ ಎಣ್ಣೆಯನ್ನ ಯಾರ ಮೈಗೂ ಮುಟ್ಟಿಸುತ್ತಿರಲಿಲ್ಲ. ಬಟ್ಟಲು ಎಳ್ಳೆಣ್ಣೆಗೆ ಒಂದೆರಡು ಹನಿ ಬೆರೆಸಿ, ಮೊಣಕೈ ಒಳಮಡಿಕೆಗೆ ಚೂರು ಸವರಿ, ‘ಉರಿ, ಕೆಂಪು ಏನೂ ಆಗದಿದ್ದರೆ ನಾಳೆ ಬಾ’ ಅಂತ ಕಳಿಸೋಳಂತೆ. ಎಂಥ ಅವಸರದವರಿಗೂ ಅದೇ ಮಾತು.

ಒಂದು ಚಳಿಗಾಲ, ಊರಿನ ಮುದ್ದೇಗೌಡರ ಮೊಮ್ಮಗಳಿಗೆ ಎದೆ ಕಟ್ಟಿತಂತೆ. ಎಳೇ ಕೂಸು. ಅದಕ್ಕೂ ಮೊದಲು ಹುಟ್ಟಿದ್ದು ಉಳಿದಿರಲಿಲ್ಲ. ಗೌಡರು ಬರಿಗಾಲಲ್ಲಿ ಓಡಿಬಂದರಂತೆ.

“ಎಣ್ಣೆ ಕೊಡವ್ವ, ಕೂಸಿನ ಎದೆಗೆ, ಮೂಗಿಗೆ ಸವರ್ತೀನಿ.”

“ಬ್ಯಾಡಿ ಗೌಡ್ರೇ. ದೊಡ್ಡೋರ ಮೈ ತಡೀತದೆ. ಹಸುಗೂಸಿನ ಉಸಿರು ತಡೆಯಾಕಿಲ್ಲ.”

ಗೌಡರು ಕೈ ಮುಗಿದರಂತೆ. ಆಮೇಲೆ ಗದರಿದರಂತೆ. ಕೊನೆಗೆ ಎಣ್ಣೆಯ ಗಡಿಗೆಗೇ ಕೈ ಹಾಕಿದರಂತೆ. ಕೇತಮ್ಮ ಗಡಿಗೆ ಕಿತ್ತುಕೊಂಡು, ಆ ವರ್ಷ ಇಳಿಸಿದ ಎಣ್ಣೆಯನ್ನೆಲ್ಲ ಅಂಗಳಕ್ಕೆ ಸುರಿದುಬಿಟ್ಟಳಂತೆ.

“ನಡೀರಿ, ನಾನೇ ಬತ್ತೀನಿ” ಅಂದಳಂತೆ.

ಹಿತ್ತಲಲ್ಲಿ ಮೈ ತೊಳೆದು, ಎಣ್ಣೆ ವಾಸನೆಯ ಸೀರೆ ಬಿಟ್ಟು ಬೇರೆ ಉಟ್ಟು ಗೌಡರ ಮನೆಗೆ ಹೋದಳಂತೆ. ಕೋಣೆಯೊಳಗೆ ಆವಿ ಆಡಲಿ ಅಂತ ಕುದಿಯೋ ನೀರಿನ ಹಂಡೆ ತರಿಸಿ, ಕೂಸಿನಿಂದ ದೂರಕ್ಕೆ ಇಡಿಸಿದಳು. ಕೂಸನ್ನ ನೆಟ್ಟಗೆ ಹೆಗಲಿಗೆ ಒರಗಿಸಿಕೊಂಡು, ಬೆನ್ನು ನೇವರಿಸುತ್ತ, ಮೂಗು ಒರೆಸುತ್ತ ಕೂತಳು. ಆಗಾಗ ತಾಯಿಯ ಮಡಿಲಿಗೆ ಕೊಟ್ಟು ಸ್ವಲ್ಪ ಸ್ವಲ್ಪವೇ ಹಾಲು ಕುಡಿಸಿದಳು. ಬಿಸಿಲು ಇಳಿಯೋ ಹೊತ್ತಿಗೆ ಕೂಸು ಒಂದು ಸೀನು ಸೀನಿ, ಸಲೀಸಾಗಿ ಉಸಿರೆಳೆದು, ತಾನಾಗೇ ಹಾಲಿಗೆ ಬಾಯಿ ಹಾಕಿತಂತೆ. ಗೌಡರು ತಾವು ಗಂಡಸು ಅನ್ನೋದು ಮರೆತು ಅತ್ತರಂತೆ.

ಮಾರನೇ ದಿನ ಕುಡುಗೋಲು ಹಿಡಿದು ಬೆಟ್ಟ ಹತ್ತಿದವರಲ್ಲಿ ಗೌಡರೇ ಮೊದಲಿಗರಂತೆ. ಹಿಂದೆ ಇಡೀ ಊರು. ಕೇತಮ್ಮನ ಅಂಗಳದಲ್ಲಿ ಬಿದ್ದ ಹುಲ್ಲಿನ ರಾಶಿಗೆ ಅವಳ ಮನೆಯೇ ಮುಚ್ಚಿಹೋಯಿತು ಅಂತಾರೆ.

ಈಗಲೂ ನಮ್ಮ ಕಡೆ ತೊಟ್ಟಿಲು ಕಟ್ಟಿದ ಮನೆಯಲ್ಲಿ ಆ ಎಣ್ಣೆ ಇಡೋದಿಲ್ಲ. ಕೂಸು ಹೆಜ್ಜೆ ಇಟ್ಟ ವರ್ಷ ತಾಯಿ ತಾನೇ ಒಂದು ಹೊರೆ ಹುಲ್ಲು ಕುಯ್ದು, ಎಣ್ಣೆ ಇಳಿಸೋರ ಬಾಗಿಲಲ್ಲಿ ಇಳಿಸಿ ಬರ್ತಾಳೆ. ಯಾರು ಇಟ್ಟರು ಅಂತ ಆ ಮನೆಯವರು ಕೇಳೋದಿಲ್ಲ. ‘ಯಾವುದೋ ಕೂಸು ನಡೀತು’ ಅಂದುಕೊಂಡು ಒಲೆ ಹಚ್ಚುತ್ತಾರೆ.