ಕೆಂಪಿಯ ಮೂತ್ರಪಿಂಡ

ನದಿಯ ದಡದಲ್ಲಿ ಒಂದು ಪ್ರಯೋಗಾಲಯ. ಮುದ್ದಯ್ಯನವರು ಗುರು. ತಬಸ್ಸುಮ್ ಶಿಷ್ಯೆ. ಕೆಂಪಿ ಹೆಣ್ಣು ಕೋತಿ.

ಕೆಂಪಿಯ ಹೊಟ್ಟೆಯಲ್ಲಿದ್ದದ್ದು ಬೇರೆ ಕೋತಿಯ ಮೂತ್ರಪಿಂಡ.

ಹೊರಗಿನದು ಒಳಗೆ ಬಂದರೆ ರಕ್ತದ ಬಿಳಿ ಕಣಗಳು ಅದನ್ನು ಕೊಲ್ಲುತ್ತವೆ. ಕೊಲ್ಲಬೇಡ ಎಂದು ತಡೆಯುವ ಕಣಗಳೂ ಅದೇ ರಕ್ತದಲ್ಲಿವೆ. ಬಹಳ ಕಡಿಮೆ.

ತಬಸ್ಸುಮ್ ಅವನ್ನು ಆರಿಸಿ, ಬೆಳೆಸಿ, ಗುರುತು ಹಾಕಿ, ಒಂದೇ ಸಲ ಕೆಂಪಿಗೆ ಮರಳಿಸಿದ್ದಳು. ಆಮೇಲೆ ಬಿಳಿ ಕಣಗಳನ್ನು ಅದುಮಿಡುವ ಔಷಧಿಗಳನ್ನೆಲ್ಲ ನಿಲ್ಲಿಸಿದ್ದರು.

ವರ್ಷ ಕಳೆಯಿತು. ಮೂತ್ರಪಿಂಡದ ಚೂರೊಂದನ್ನು ಸೂಜಿಯಿಂದ ತೆಗೆದು ನೋಡಿದ ತಬಸ್ಸುಮ್ ಸಿರಿಂಜು ಹಿಡಿದು ಓಡಿಬಂದಳು.

"ಸರ್, ಬಿಳಿ ಕಣಗಳು ಗುಂಪುಗಟ್ಟಿ ಮುತ್ತಿವೆ. ಈಗಲೇ ಇಂಜೆಕ್ಷನ್ ಕೊಡದಿದ್ದರೆ ಕೆಂಪಿ ಉಳಿಯೋದಿಲ್ಲ."

"ಮೂತ್ರ?"

"ಸರಿಯಾಗಿದೆ."

"ರಕ್ತ?"

"ಹೋದ ವಾರದ ಹಾಗೇ ಇದೆ. ಆದರೆ ಆ ಗುಂಪು..."

"ನಿಮ್ಮ ಮನೆಯಲ್ಲಿ ಜನ ಸೇರೋದು ಜಗಳಕ್ಕೆ ಮಾತ್ರವೇನಮ್ಮ?"

"ಮದುವೆಗೂ ಸೇರ್ತಾರೆ. ಅಲ್ಲೂ ಜಗಳವೇ ಸರ್."

ಮುದ್ದಯ್ಯ ನಗಲಿಲ್ಲ.

"ಇಂಜೆಕ್ಷನ್ ಯಾವುದನ್ನು ಕೊಲ್ಲುತ್ತೆ?"

"ಗುಂಪನ್ನೆಲ್ಲ."

"ತಡೆಯೋ ಕಣಗಳನ್ನೂ?"

"ಹೌದು ಸರ್, ಅವನ್ನೂ." ಅವರು ಸಿರಿಂಜು ಕಿತ್ತುಕೊಂಡು ಜೇಬಿಗೆ ಹಾಕಿದರು.

"ಬಣ್ಣ ಹಾಕಿ ನೋಡು."

"ಸಂಜೆಯಾಗುತ್ತೆ ಸರ್. ಅಷ್ಟರಲ್ಲಿ ಏನಾದರೂ ಆದರೆ?"

"ನಾನು ಕೂತಿರ್ತೀನಿ."

ಪಂಜರದ ಮುಂದೆ ಸ್ಟೂಲ್ ಎಳೆದು ಕೂತರು. ಕೆಂಪಿ ಕಡಲೆಕಾಯಿ ಸುಲಿದು ತಿಂದಳು. ಸಿಪ್ಪೆ ಅವರ ಮೇಲೆ ಎಸೆದಳು. ಅವರು ಕದಲಲಿಲ್ಲ.

ಸಂಜೆ ಪಕ್ಕದ ಕೋಣೆಯಿಂದ ತಬಸ್ಸುಮ್ ಕರೆದಳು. ಅವರು ಒಳಗೆ ಬಂದಾಗಲೂ ಸೂಕ್ಷ್ಮದರ್ಶಕದಿಂದ ಅವಳ ಕಣ್ಣು ಮೇಲೇಳಲಿಲ್ಲ. ತಡೆಯುವ ಕಣಕ್ಕೆ ಮಾತ್ರ ಹತ್ತುವ ಕಂದು ಬಣ್ಣ ಗುಂಪಿನ ತುಂಬ ಹತ್ತಿತ್ತು.

"ಎಲ್ಲಾ ಕಾವಲಿನವೇ ಸರ್. ಆದರೆ ಒಂದರ ಮೇಲೂ ನನ್ನ ಗುರುತಿಲ್ಲ. ನಾನು ಕೊಟ್ಟವು ಎಲ್ಲಿ?"

"ಸತ್ತಿರುತ್ತವೆ."

"ಹಾಗಾದರೆ ಇವು?"

"ಕೆಂಪಿಯ ಬೇರೆ ಕಣಗಳು. ಅವುಗಳ ಹತ್ತಿರ ಕಲಿತವು."

ತಬಸ್ಸುಮ್ ಎದ್ದು ನಿಂತಳು.

"ಕಲಿತವಾ? ಇಡೀ ವರ್ಷ ಪಕ್ಕದಲ್ಲೇ ಇದ್ದೆ ಸರ್. ನನಗೆ ಗೊತ್ತೇ ಆಗಲಿಲ್ಲವಲ್ಲ!"

ದನಿ ಗೋಡೆಗೆ ಬಡಿಯಿತು. ತೆರೆದ ಬಾಗಿಲಾಚೆ, ಪಂಜರದಲ್ಲಿ, ಕೆಂಪಿ ಹೊಟ್ಟೆಯ ಮೇಲೆ ಕೈಯಿಟ್ಟು ನಿದ್ದೆ ಹೋಗಿದ್ದಳು.

ಮುದ್ದಯ್ಯ ಅತ್ತ ಬೆರಳು ತೋರಿದರು.

"ಮೆಲ್ಲಗೆ. ಒಳಗೆ ಪಾಠ ನಡೀತಿದೆ."